ಡೆವರ್ಸ್ ಟ್ರೇಡ್ ಒಳ್ಳೇದಾಯ್ತಾ? ಜೈಂಟ್ಸ್ ಅಭಿಮಾನಿಗಳ ಅನುಭವ

ಪ್ರಶ್ನೆ:
ಸ್ಯಾನ್ ಹೋಸೆಗೆ ಬಂದು ಮೂರು ವರ್ಷ. ಈಗ ಮನೆಮಂದಿಗೆಲ್ಲ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಬೇಸ್‌ಬಾಲ್ ತಂಡದ ಹುಚ್ಚು. 2025ರ ಜೂನ್ 15ರಂದು, ಸೀಸನ್ ನಡುವೆಯೇ, ಬಾಸ್ಟನ್ ತಂಡಕ್ಕೆ ಪಿಚರ್‌ಗಳಾದ (ಚೆಂಡು ಎಸೆಯುವವರು) ಕೈಲ್ ಹ್ಯಾರಿಸನ್, ಜೋರ್ಡನ್ ಹಿಕ್ಸ್ ಮತ್ತು ಇಬ್ಬರು ಹೊಸ ಹುಡುಗರನ್ನು ಕೊಟ್ಟು ಬ್ಯಾಟರ್ ರಫಾಯೆಲ್ ಡೆವರ್ಸ್ ಅವರನ್ನು ತಂದರು. ಅವತ್ತು ಕುಣಿದಾಡಿದ್ದೆವು. ಕೊನೆಗೆ 81 ಗೆಲುವು, 81 ಸೋಲು, ಪ್ಲೇಆಫ್ (ಸೀಸನ್ ಮುಗಿದ ಮೇಲೆ ಕಪ್‌ಗಾಗಿ ನಡೆಯೋ ಸುತ್ತುಗಳು) ಇಲ್ಲ. ಈ ಟ್ರೇಡನ್ನು (ಆಟಗಾರರ ಅದಲುಬದಲನ್ನು) ಹೇಗೆ ಅಳೆಯೋದು? ಹಳಬರು ಹೇಳಿ.

ಉತ್ತರ 1:
ಸೀಸನ್ ಕೊನೆಯ ಪಟ್ಟಿ ನೋಡಿ ಅಳೆಯಬೇಡಿ. ಆ ದಿನ ತಂಡಕ್ಕೆ ಏನು ಕಮ್ಮಿ ಇತ್ತು, ಬಂದವರು ಅದನ್ನು ತುಂಬಿದರಾ, ಮೊದಲು ಇಷ್ಟು ನೋಡಿ. ನನಗೆ ಇದನ್ನು ಕಲಿಸಿದ್ದು 2012ರ ಜುಲೈ. ಫ್ರೆಡ್ಡಿ ಸ್ಯಾಂಚೆಜ್ ಗಾಯದಿಂದ ಇಡೀ ಸೀಸನ್ ಹೊರಗಿದ್ದರು. ಅವರು ಫೀಲ್ಡಿಂಗ್‌ಗೆ ನಿಲ್ಲುತ್ತಿದ್ದ ಸೆಕೆಂಡ್ ಬೇಸ್ ಜಾಗಕ್ಕೆ ಗಟ್ಟಿ ಆಳು ಬೇಕಿತ್ತು. ಕೊಲೊರಾಡೊದಿಂದ ಮಾರ್ಕೊ ಸ್ಕುಟಾರೊ ಬಂದರು. ವಯಸ್ಸು 36. ನನಗಂತೂ ಬೇಜಾರಾಗಿತ್ತು. ಆದರೆ 61 ಪಂದ್ಯಗಳಲ್ಲಿ ಅವರ ಬ್ಯಾಟಿಂಗ್ ಸರಾಸರಿ .362, ಅಂದರೆ ನೂರು ಸಲಕ್ಕೆ ಸುಮಾರು 36 ಹಿಟ್! ಪ್ಲೇಆಫ್‌ನಲ್ಲಿ ಸೇಂಟ್ ಲೂಯಿಸ್ ವಿರುದ್ಧ ನಿರ್ಣಾಯಕ ಏಳನೇ ಪಂದ್ಯದ ಕೊನೇ ಗಳಿಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಧೋ ಅಂತ ಮಳೆ. ಸ್ಕುಟಾರೊ ಎರಡೂ ಕೈ ಚಾಚಿ, ಮುಖ ಮೇಲೆತ್ತಿ, ಬಾಯಿ ತೆರೆದು ಮಳೆಗೆ ಒಡ್ಡಿಕೊಂಡು ನಿಂತಿದ್ದರು. ಕೊನೇ ಕ್ಯಾಚ್ ಬಂದದ್ದೂ ಅವರ ಕೈಗೇ. ಆ ವರ್ಷ ವರ್ಲ್ಡ್ ಸೀರೀಸ್ (ಕಪ್‌ನ ಫೈನಲ್) ನಮ್ಮದು.

ಸ್ಕುಟಾರೊ ಬಂದ ನಾಲ್ಕು ದಿನಕ್ಕೆ ಫಿಲಡೆಲ್ಫಿಯಾದಿಂದ ಹಂಟರ್ ಪೆನ್ಸ್ ಬಂದರು. ಆ ಸೀಸನ್‌ನಲ್ಲಿ ನಮಗೆ ಹೊಡೆದದ್ದು ಬರೀ .219. ಅಂಕಿ ನೋಡಿದರೆ ದಂಡ ಅನ್ನಬೇಕು. ಆದರೆ ಪ್ಲೇಆಫ್‌ನಲ್ಲಿ ಸಿನ್ಸಿನಾಟಿಗೆ 0-2 ಸೋತು ಕುಸಿದಿದ್ದಾಗ ಎಲ್ಲರನ್ನೂ ಸುತ್ತ ಸೇರಿಸಿಕೊಂಡು ಹುರಿದುಂಬಿಸಿದವರು ಅವರೇ. ಮುಂದಿನ ಮೂರೂ ಗೆದ್ದೆವು. 2014ರಲ್ಲಿ ಮತ್ತೆ ಕಪ್ ಬಂದಾಗಲೂ ಪೆನ್ಸ್ ತಂಡದಲ್ಲಿದ್ದರು.

ಈಗ ಡೆವರ್ಸ್. 2004ರ ಬ್ಯಾರಿ ಬಾಂಡ್ಸ್ ಆದಮೇಲೆ, ಈ ಟ್ರೇಡ್ ನಡೆದ ದಿನದವರೆಗೆ, ಒಬ್ಬ ಜೈಂಟ್ಸ್ ಆಟಗಾರನೂ ಒಂದು ಸೀಸನ್‌ನಲ್ಲಿ 30 ಹೋಮ್ ರನ್ (ಕ್ರಿಕೆಟ್ ಸಿಕ್ಸರ್ ಹಾಗೆ ಚೆಂಡನ್ನು ಬೇಲಿ ದಾಟಿಸೋ ಹೊಡೆತ) ಹೊಡೆದಿರಲಿಲ್ಲ. ನಮಗಿದ್ದ ಕೊರತೆ ಅದೇ ಅಲ್ವಾ? ಡೆವರ್ಸ್ ಬಂದು 90 ಪಂದ್ಯಗಳಲ್ಲಿ 20 ಹೊಡೆದರು. ಬಾಸ್ಟನ್‌ನಲ್ಲಿ ಒಲ್ಲೆ ಅಂದಿದ್ದ ಫಸ್ಟ್ ಬೇಸ್ ಜಾಗದಲ್ಲೂ ಇಲ್ಲಿ ಫೀಲ್ಡಿಂಗ್‌ಗೆ ನಿಂತರು. ಬಂದ ಕೆಲಸ ಮಾಡಿದ್ದಾರೆ. ಚಿಂತೆ ಇರೋದು ದುಡ್ಡಿನದು. ಒಪ್ಪಂದ 2033ರವರೆಗೆ, ಟ್ರೇಡ್ ಆದ ದಿನ ಬಾಕಿ ಇದ್ದದ್ದು 25 ಕೋಟಿ ಡಾಲರ್‌ಗೂ ಜಾಸ್ತಿ. ಅದಕ್ಕೆ ಉತ್ತರ ಒಂದು ಸೀಸನ್‌ಗೆ ಸಿಗೋದಿಲ್ಲ.

ಉತ್ತರ 2:
ಕೊಟ್ಟದ್ದನ್ನೂ ನೋಡಬೇಕು ಸರ್. 2011ರಲ್ಲಿ ಕಾರ್ಲೋಸ್ ಬೆಲ್ಟ್ರಾನ್‌ಗಾಗಿ ಜ್ಯಾಕ್ ವೀಲರ್ ಅನ್ನೋ ಹುಡುಗ ಪಿಚರ್‌ನನ್ನು ನ್ಯೂಯಾರ್ಕ್ ಮೆಟ್ಸ್‌ಗೆ ಕೊಟ್ಟೆವು. ಬೆಲ್ಟ್ರಾನ್ 44 ಪಂದ್ಯ ಆಡಿ .323 ಹೊಡೆದರು. ಆದರೂ ಪ್ಲೇಆಫ್ ಸಿಗಲಿಲ್ಲ. ಮರುವರ್ಷ ಅವರು ಸೇಂಟ್ ಲೂಯಿಸ್ ಸೇರಿ, ಮೇಲೆ ಹೇಳಿದ ಆ ಮಳೆ ಪಂದ್ಯದಲ್ಲಿ ನಮ್ಮ ಎದುರೇ ಆಡಿದರು! ವೀಲರ್ ಮೊಣಕೈ ಆಪರೇಷನ್‌ನಿಂದ 2015, 2016 ಎರಡೂ ವರ್ಷ ಕಳೆದುಕೊಂಡರು. ಆಮೇಲೆ ಫಿಲಡೆಲ್ಫಿಯಾದಲ್ಲಿ ದೊಡ್ಡ ಪಿಚರ್ ಆದರು. ಹಾಗಾಗಿ ಎರಡೂ ಕಡೆ ಲೆಕ್ಕ ಬರೆದಿಡಿ, ಆದರೆ ಟ್ರೇಡ್ ಆದ ದಿನವೇ ಬರೆಯಿರಿ. ಆಮೇಲೆ ಬರೆದರೆ ನಾವು ಮೊದಲೇ ಹೇಳಿದ್ದೆವು ಅಂತ ಮನಸ್ಸು ಸುಳ್ಳು ಹೇಳುತ್ತದೆ.

ಉತ್ತರ 3:
ನಮ್ಮ ಮನೆ ಕಥೆಯೇ ಬೇರೆ. ಹ್ಯಾರಿಸನ್ ಇಲ್ಲೇ ಕಾನ್‌ಕಾರ್ಡ್‌ನ ಹೈಸ್ಕೂಲಿನಲ್ಲಿ ಓದಿದ ಹುಡುಗ. ಟ್ರೇಡ್ ಆದ ದಿನವೇ ಡಾಡ್ಜರ್ಸ್ ತಂಡದ ವಿರುದ್ಧ ಪಿಚ್ ಮಾಡಬೇಕಿತ್ತು. ಆಟ ಶುರುವಾಗೋ ಮುಂಚೆಯೇ ಹೆಸರು ತೆಗೆದರು. ಅವನಿಗಾಗಿಯೇ ಟಿವಿ ಮುಂದೆ ಕೂತಿದ್ದ ನನ್ನ ಹತ್ತು ವರ್ಷದ ಮಗಳು ಡೆವರ್ಸ್ ಹೆಸರು ಕೇಳಿಯೂ ನಗಲಿಲ್ಲ. ಅಂದಿನಿಂದ ಬೆಳಿಗ್ಗೆ ಎದ್ದ ಕೂಡಲೇ ಜೈಂಟ್ಸ್ ಸ್ಕೋರ್ ಜೊತೆಗೆ ಬಾಸ್ಟನ್ ಸ್ಕೋರನ್ನೂ ಕೇಳುತ್ತಾಳೆ.