ಕರಾಚಾಯ್-ಬಾಲ್ಕರ್ ಚತುರ್ಥಿ ವಿಭಕ್ತಿ ತಪ್ಪಾಗಿ ಬರುತ್ತಿದೆ, ಸಹಾಯ ಮಾಡಿ

ಹೊಳೆದಂಡೆ: ರಷ್ಯಾದ ಕಾಕಸಸ್ ಕಡೆಯ ಕರಾಚಾಯ್-ಬಾಲ್ಕರ್ ಭಾಷೆಯ ನಾಮಪದಕ್ಕೆ ಪ್ರತ್ಯಯ ಸೇರಿಸುವ ಸಣ್ಣ ಪೈಥಾನ್ ಪ್ರೋಗ್ರಾಂ ಬರೆದಿದ್ದೇನೆ. ‘ಯುಯ್’ (ಮನೆ) ಕೊಟ್ಟರೆ ‘ಯುಯ್‌ಗೆ’ ಸರಿಯಾಗಿ ಬರುತ್ತದೆ. ಉಳಿದದ್ದೆಲ್ಲ ತಪ್ಪು. ತಲೆ ಕೆಟ್ಟುಹೋಗಿದೆ.

ಗುಡ್ಡದಮನೆ: ಸ್ವರಗಳ ಹೊಂದಾಣಿಕೆ ನೋಡಿ, ಅಂದರೆ ಪದದ ಸ್ವರಕ್ಕೆ ತಕ್ಕಂತೆ ಪ್ರತ್ಯಯದ ಸ್ವರ ಬದಲಾಗುವುದು. ‘ಗೆ’ ಬರುವ ಕಡೆ ‘ಗ’ ಬರುತ್ತಿರಬೇಕು.

ಹೊಳೆದಂಡೆ: ಅದು ಸರಿ ಇದೆ ಸರ್.

ಗುಡ್ಡದಮನೆ: ದುಂಡು ಸ್ವರಗಳನ್ನು (ಉ, ಒ ತರಹ ತುಟಿ ದುಂಡಾಗಿಸಿ ಹೇಳುವವು) ಪರೀಕ್ಷಿಸಿದ್ರಾ? ನೂರಕ್ಕೆ ನೂರು ಅದೇ. ಕೋಡ್ ಹಾಕಿ.

ಅರಳಿಕಟ್ಟೆ: ಟರ್ಕಿಷ್ ನಿಯಮವನ್ನೇ ಹಾಕಿಬಿಡಿ, ಎರಡೂ ತುರ್ಕಿ ಭಾಷೆಗಳೇ ಅಲ್ವಾ.

ಗುಡ್ಡದಮನೆ: ತುರ್ಕಿ ಭಾಷೆಗಳಲ್ಲೇ ಟರ್ಕಿಷ್ ಒಗುಜ್ ಗುಂಪು, ಇದು ಕಿಪ್ಚಾಕ್ ಗುಂಪು. ಸುಮ್ನೆ ದಾರಿ ತಪ್ಪಿಸಬೇಡಿ.

ಮಳೆಬಿಲ್ಲು: ಯಾವ ರೂಪ ತಪ್ಪು ಅಂತ ಮೊದಲು ಹೇಳಿ.

ಹೊಳೆದಂಡೆ: ‘ಅವನ ಮನೆಗೆ’ ಅಂದರೆ ‘ಯುಯುಗೆ’ ಬರುತ್ತಿದೆ.

ಮಳೆಬಿಲ್ಲು: ಹಾಗಾದರೆ ಸ್ವರದ ಸಮಸ್ಯೆ ಅಲ್ಲ. ‘ಅವನ’ ಅನ್ನುವ ಪ್ರತ್ಯಯದ ಮೇಲೆ ವಿಭಕ್ತಿ ಬಂದರೆ ನಡುವೆ ‘ನ’ಕಾರ ಸೇರುತ್ತದೆ. ನಾವು ‘ಮರಲ್ಲಿ’ ಅನ್ನದೆ ‘ಮರದಲ್ಲಿ’ ಅನ್ನುವ ಹಾಗೆ. ಯುಯು (ಅವನ ಮನೆ), ಯುಯುನೆ (ಮನೆಗೆ), ಯುಯುಂದೆ (ಮನೆಯಲ್ಲಿ), ಯುಯುಂದೆನ್ (ಮನೆಯಿಂದ). ಚತುರ್ಥಿಯಲ್ಲಿ ‘ಗ’ಕಾರವೂ ಬಿದ್ದುಹೋಗುತ್ತದೆ. ‘ನನ್ನ ಮನೆಗೆ’ ಕೂಡ ‘ಯುಯುಮೆ’. ‘ನಿನ್ನ ಮನೆಗೆ’ ಯುಯುಙೆ. ಅಲ್ಲಿ ಸಿರಿಲಿಕ್‌ನ ಎರಡು ಅಕ್ಷರ (нг) ಸೇರಿ ಒಂದೇ ಧ್ವನಿ, ನಮ್ಮ ಙ. ಬಿಡಿಸಿ ಓದಿದರೆ ಪ್ರೋಗ್ರಾಂ ಇನ್ನೊಂದು ‘ಗೆ’ ಅಂಟಿಸುತ್ತದೆ. ಟರ್ಕಿಷ್‌ನಲ್ಲಿ ‘ಎವಿನೆ’ ಅಂದರೆ ನಿನ್ನ ಮನೆಗೂ ಆಗಬಹುದು, ಅವನ ಮನೆಗೂ ಆಗಬಹುದು. ಇಲ್ಲಿ ಎರಡೂ ಬೇರೆ. ಅದಕ್ಕೇ ಆ ನಿಯಮ ನಡೆಯಲ್ಲ.

ಅರಳಿಕಟ್ಟೆ: ಪೈಥಾನ್ ಯಾಕೆ ಬೇಕು? ನಾನು ಲಿನಕ್ಸ್‌ನಲ್ಲಿ ಎಚ್‌ಎಫ್‌ಎಸ್‌ಟಿ ಹಾಕಿಕೊಂಡಿದ್ದೇನೆ, ಪದರೂಪಗಳ ನಿಯಮ ಬರೆಯುವ ಸಾಧನ ಅದು. ರೂಪ ಕಟ್ಟುವುದು, ಬಿಡಿಸುವುದು ಎರಡೂ ಒಂದೇ ಫೈಲ್‌ನಲ್ಲಿ. ಕೀಬೋರ್ಡಿಗೂ ಸಿರಿಲಿಕ್ ಸ್ಟಿಕರ್ ಅಂಟಿಸಿದ್ದೇನೆ, ಫೋಟೋ ಹಾಕಲಾ?

ಗುಡ್ಡದಮನೆ: ದುಂಡು ಸ್ವರವನ್ನೂ ಒಮ್ಮೆ ನೋಡಿಬಿಡಿ.

ಹೊಳೆದಂಡೆ: ಚತುರ್ಥಿ, ಸಪ್ತಮಿ ಸರಿಯಾಯಿತು, ತುಂಬಾ ಥ್ಯಾಂಕ್ಸ್! ಆದರೆ ದ್ವಿತೀಯಕ್ಕೂ ಷಷ್ಠಿಗೂ ಒಂದೇ ಪ್ರತ್ಯಯ ಅಂತ ಒಂದೇ ನಿಯಮ ಇಟ್ಟಿದ್ದೆ. ಎರಡಕ್ಕೂ ‘ಯುಯುನು’ ಬರುತ್ತಿದೆ.

ಮಳೆಬಿಲ್ಲು: ‘ಯುಯ್’ ಒಂದೇ ಇದ್ದರೆ ಎರಡೂ ‘ಯುಯ್‌ನು’. ‘ಅವನ’ ಸೇರಿದರೆ ಬೇರೆಯಾಗುತ್ತವೆ. ದ್ವಿತೀಯ ಬರೀ ‘ಯುಯುನ್’, ಷಷ್ಠಿ ‘ಯುಯುನು’. ನಿಯಮ ಎರಡು ಮಾಡಿ.

ಹೊಳೆದಂಡೆ: ಆಯ್ತು. ‘ಯುಯ್‌ಲೆರಿ’ ಅಂದರೆ ಅವನ ಮನೆಗಳೋ, ಅವರ ಮನೆಯೋ?

ಮಳೆಬಿಲ್ಲು: ಎರಡೂ. ಅವರ ಮನೆಗಳೂ ಆಗುತ್ತದೆ. ಅದಕ್ಕೆ ಮುಂಚೆ ‘ಅನಿ’ (ಅವನ) ಇದೆಯೋ ‘ಅಲಾನಿ’ (ಅವರ) ಇದೆಯೋ ನೋಡಿ. ಅದೂ ಇಲ್ಲದಿದ್ದರೆ ಮೂರೂ ಅರ್ಥ ತೋರಿಸಿ.