ಭಾನುವಾರದ ಪ್ರಶ್ನೋತ್ತರ: ವೈನ್ ದ್ರಾಕ್ಷಿ ಮತ್ತು ಪಕ್ಕದ ಆಲೆಮನೆ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಇವತ್ತು ಸಂಜೆ 6ರಿಂದ 8. ವೈನ್ ದ್ರಾಕ್ಷಿ ಬಗ್ಗೆ ಮಾತ್ರ ಕೇಳಿ. ಉತ್ತರ ಕೊಡುವ ಮೇಡಂ ಮೈಸೂರಿನವರೇ. ನಾಸಿಕ್ ಕಡೆ, ದೊಡ್ಡಬಳ್ಳಾಪುರದ ಕಡೆ ತೋಟಗಳಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಹೆಸರು ಬೇಡ, ಊರು ಹಾಕಿದರೆ ಸಾಕು. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ನಾಗಮಂಗಲ: ಮೇಡಂ, ನಮ್ಮದು ಕೆಂಪು ಮಣ್ಣು, ಸ್ವಲ್ಪ ಗರಸು. ವೈನ್ ದ್ರಾಕ್ಷಿಗೆ ಆಗುತ್ತಾ? ಮಣ್ಣಿನ ರುಚಿ ವೈನಿಗೆ ಬರುತ್ತೆ ಅಂತಾರೆ.

ಮೇಡಂ: ಆಗುತ್ತದೆ. ಮಣ್ಣಿನ ರುಚಿ ಬೇರಿನಿಂದ ಹತ್ತಿ ಲೋಟಕ್ಕೆ ಬರುವುದಿಲ್ಲ. ಮಣ್ಣು ನೀರನ್ನು ಎಷ್ಟು ಹಿಡಿದುಕೊಳ್ಳುತ್ತದೆ, ಎಷ್ಟು ಬೇಗ ಬಿಡುತ್ತದೆ ಅನ್ನುವುದೇ ಮುಖ್ಯ. ಗರಸು ನೆಲದಲ್ಲಿ ನೀರು ನಿಲ್ಲುವುದಿಲ್ಲ, ಬಳ್ಳಿ ಹದವಾಗಿ ಬೆಳೆಯುತ್ತದೆ, ಕಾಯಿ ಸಣ್ಣದಾಗಿರುತ್ತದೆ. ಕೆಂಪು ವೈನಿನ ಬಣ್ಣ, ಒಗರು ಎಲ್ಲ ಸಿಪ್ಪೆಯಲ್ಲಿ. ಕಾಯಿ ಸಣ್ಣದಾದಷ್ಟೂ ರಸಕ್ಕೆ ಸಿಪ್ಪೆಯ ಪಾಲು ಜಾಸ್ತಿ.

ಮದ್ದೂರು: ವಿ.ಸಿ. ನಾಲೆಗೆ ನೀರು ಬಿಟ್ಟಿದ್ದಾರೆ. ಕೊಯ್ಲಿಗೆ ಒಂದು ತಿಂಗಳಿದೆ. ಒಂದು ಸಲ ಚೆನ್ನಾಗಿ ಕಟ್ಟಲಾ?

ಮೇಡಂ: ಬೇಡ. ಅದು ಗದ್ದೆಯಲ್ಲ. ಎಲೆ ಬಾಡದಷ್ಟು ಹನಿ ನೀರು ಸಾಕು. ಈಗ ಗದ್ದೆ ಹಾಗೆ ಕಟ್ಟಿದರೆ ಕಾಯಿ ಊದುತ್ತದೆ, ಬಣ್ಣ ತೆಳುವಾಗುತ್ತದೆ, ಕೆಲವು ಒಡೆಯುತ್ತವೆ. ಪಕ್ಕದ ಗದ್ದೆಯ ಬಸಿ ನೀರು ಬರುತ್ತಿದ್ದರೆ ಒಂದು ಬಸಿಗಾಲುವೆ ತೆಗೆಸಿ.

ಟಿ. ನರಸೀಪುರ: ಜಿಎ (ಜಿಬ್ಬರೆಲಿಕ್ ಆಸಿಡ್) ಯಾವಾಗ ಹೊಡೆಯಬೇಕು ಮೇಡಂ?

ಮೇಡಂ: ವೈನ್ ದ್ರಾಕ್ಷಿಗೆ ಜಿಎ ಬೇಡ. ಅದು ತಿನ್ನುವ ದ್ರಾಕ್ಷಿ ದಪ್ಪ ಮಾಡಲು. ನಮಗೆ ದಪ್ಪ ಬೇಡ ಅಂತ ಮೇಲೆಯೇ ಹೇಳಿದೆ.

ಪಾಂಡವಪುರ: ನಮಸ್ಕಾರ ಮೇಡಂ. ಎರಡು ಎಕರೆ ಶಿರಾಜ್ ಇದೆ, ಕೆಂಪು ವೈನಿನ ತಳಿ. ಹಣ್ಣು ಒಂದು ವೈನರಿಗೆ ಕೊಡುತ್ತೇವೆ. ಹೋದ ವರ್ಷ ಹಣ್ಣು ತಗೊಂಡು ಮೂರು ತಿಂಗಳಾದ ಮೇಲೆ ಫೋನ್ ಮಾಡಿ, ‘ನಿಮ್ಮ ಹಣ್ಣಿನ ವೈನ್ ಒಲೆ ಬೂದಿ ನೆಕ್ಕಿದ ಹಾಗಿದೆ’ ಅಂದರು. ಬಾಕಿ ದುಡ್ಡು ಹಿಡಿದುಕೊಂಡರು. ಹಣ್ಣು ತಿಂದಾಗ ಏನೂ ಇರಲಿಲ್ಲ, ಚೆನ್ನಾಗೇ ಇತ್ತು. ಮಣ್ಣಿನ ದೋಷವಾ? ಈ ಸಲ ಕಾಯಿ ಬಣ್ಣ ತಿರುಗಿ ಹತ್ತು ದಿನ ಆಯ್ತು. ಬ್ರಿಕ್ಸ್ (ರಸದ ಸಕ್ಕರೆ ಅಳತೆ) 17.

ಮೇಡಂ: ಪಾಂಡವಪುರ, ಸ್ವಲ್ಪ ಇರಿ. ಸುತ್ತಮುತ್ತ ಏನಿದೆ? ಆಲೆಮನೆ ಇದೆಯಾ?

ಪಾಂಡವಪುರ: ಇದೆ ಮೇಡಂ. ತೋಟದ ಪೂರ್ವಕ್ಕೆ, ಇನ್ನೂರು ಮುನ್ನೂರು ಮೀಟರ್. ದಿನಾ ಬೆಳಗಿನ ಜಾವ ಹೊತ್ತಿಸುತ್ತಾರೆ. ಕಬ್ಬು ಕಡಿದ ಮೇಲೆ ತರಗಿಗೆ ಬೆಂಕಿ ಇಡುವುದೂ ಉಂಟು.

ಮದ್ದೂರು: ಮೇಡಂ, ಒಂದೇ ಒಂದು ಸಲ ಕಟ್ಟಬಹುದಾ?

ಮೇಡಂ: ಪಾಂಡವಪುರದವರಿಗೆ. ಇದನ್ನು ಉದ್ದವಾಗಿ ಬರೆಯುತ್ತೇನೆ, ಉಳಿದವರು ತಾಳಿ.

ಈ ತಿಂಗಳಲ್ಲಿ ನಮ್ಮಲ್ಲಿ ಗಾಳಿ ಮೂಡಲಿಂದ ಬೀಸುತ್ತದೆ. ಆಲೆಮನೆ ನಿಮ್ಮ ಮೂಡಲಿಗೇ ಇದೆ. ಬೆಳಗಿನ ಜಾವ ಚಳಿಗೆ ಹೊಗೆ ಮೇಲಕ್ಕೆ ಏಳುವುದಿಲ್ಲ, ಮಂಜಿನ ಹಾಗೆ ನೆಲಕ್ಕೇ ಹಾಸಿಕೊಂಡು ಬರುತ್ತದೆ. ಕಾಯಿ ಬಣ್ಣ ತಿರುಗಿದ ಮೇಲಿಂದ ಕೊಯ್ಲಿನವರೆಗೆ ದ್ರಾಕ್ಷಿ ಹೊಗೆಯನ್ನು ಜಾಸ್ತಿ ಹೀರುತ್ತದೆ. ನಿಮ್ಮ ಹಣ್ಣು ಈಗ ಸರಿಯಾಗಿ ಆ ಹೊತ್ತಿನಲ್ಲಿದೆ.

ಹಣ್ಣು ತಿಂದರೆ ಯಾಕೆ ಗೊತ್ತಾಗಲಿಲ್ಲ? ಸೌದೆ, ಕಬ್ಬಿನ ಸಿಪ್ಪೆ, ತರಗು ಉರಿದಾಗ ಗ್ವಾಯಕಾಲ್ ಮತ್ತು ಅದರ ಜಾತಿಯ ವಸ್ತುಗಳು ಹೊಗೆಯಲ್ಲಿ ಬರುತ್ತವೆ. ಅವು ದ್ರಾಕ್ಷಿಯ ಸಿಪ್ಪೆ ದಾಟಿ ಒಳಗೆ ಹೋಗುತ್ತವೆ. ಒಳಗೆ ಹಣ್ಣು ಅವನ್ನು ಸಕ್ಕರೆಯ ಜೊತೆ ಕಟ್ಟಿಹಾಕುತ್ತದೆ. ಕಟ್ಟಿದ್ದಕ್ಕೆ ವಾಸನೆ ಇಲ್ಲ. ರಸ ಹುಳಿಯುವಾಗ, ಆಮೇಲೆ ವೈನ್ ಇಟ್ಟಿರುವಾಗ ಆ ಕಟ್ಟು ಸ್ವಲ್ಪ ಸ್ವಲ್ಪ ಬಿಚ್ಚಿಕೊಳ್ಳುತ್ತದೆ. ಕುಡಿದಾಗ ಬಾಯಿಯಲ್ಲೂ ಬಿಚ್ಚಿಕೊಳ್ಳುತ್ತದೆ. ಅದಕ್ಕೇ ಮೊದಲ ಗುಟುಕು ಸರಿ, ಆಮೇಲೆ ನಾಲಿಗೆಯ ಹಿಂದೆ ಬೂದಿ. 2003ರಲ್ಲಿ ಆಸ್ಟ್ರೇಲಿಯಾದಲ್ಲಿ ಕಾಡ್ಗಿಚ್ಚು ಬಿದ್ದಾಗ ಇದನ್ನು ಗಂಭೀರವಾಗಿ ಹುಡುಕಲು ಶುರು ಮಾಡಿದರು. 2020ರಲ್ಲಿ ಕ್ಯಾಲಿಫೋರ್ನಿಯಾದ ಎಷ್ಟೋ ವೈನರಿಗಳು ಆ ವರ್ಷದ ಕೆಂಪು ವೈನನ್ನೇ ಮಾಡಲಿಲ್ಲ.

ಆದರೆ ನಿಮ್ಮ ವೈನರಿಯವರು ಹೇಳಿದ್ದೇ ಸರಿ ಅಂತ ನಾನು ಇನ್ನೂ ಒಪ್ಪಿಲ್ಲ. ಶಿರಾಜ್ ಹಣ್ಣಿನಲ್ಲಿ ಹೊಗೆ ತಾಗದಿದ್ದರೂ ಗ್ವಾಯಕಾಲ್ ಸ್ವಲ್ಪ ಇರುತ್ತದೆ. ಒಳಗೆ ಸುಟ್ಟ ಓಕ್ ಪೀಪಾಯಿಯಿಂದಲೂ ಅದೇ ವಾಸನೆ ಬರುತ್ತದೆ. ಪೀಪಾಯಿ ಕೊಳಕಾಗಿದ್ದರೆ ಅದರಲ್ಲಿ ಬೆಳೆಯುವ ಒಂದು ಕೆಟ್ಟ ಯೀಸ್ಟಿನಿಂದಲೂ ಹೊಗೆ, ಕುದುರೆ ಲಾಯದ ವಾಸನೆ ಬರಬಹುದು. ಪರೀಕ್ಷೆಯ ಕಾಗದ ತೋರಿಸಿದರಾ? ಇಲ್ಲ ಅಂದರೆ ದುಡ್ಡು ಹಿಡಿದದ್ದು ಅವಸರ.

ಈಗ ಮಾಡಬೇಕಾದ್ದು ಬಕೆಟ್ ಪರೀಕ್ಷೆ. ಕೊಯ್ಲಿಗೆ ಎರಡು ವಾರ ಇರುವಾಗ ನಾಲ್ಕೈದು ಕೆಜಿ ಹಣ್ಣು ಕಿತ್ತು ವೈನರಿಗೆ ಒಯ್ಯಿರಿ. ಸಿಪ್ಪೆ ಸಮೇತ ಹಿಸುಕಿ, ಯೀಸ್ಟ್ ಹಾಕಿ, ಬಕೆಟಿನಲ್ಲಿ ವಾರ ಹುಳಿಸಲಿ. ಪೀಪಾಯಿ ಸೋಕಿಸಬಾರದು. ಅದರಲ್ಲಿ ಬೂದಿ ಬಂದರೆ ಹೊಗೆಯದೇ ಅನ್ನಬಹುದು. ಆಗಲೂ ಹಣ್ಣು ಎಸೆಯಬೇಕಿಲ್ಲ. ಇದರ ಬಹುಪಾಲು ಸಿಪ್ಪೆಯಲ್ಲಿರುತ್ತದೆ. ಬೇಗ ಹಿಂಡಿ, ಸಿಪ್ಪೆ ಬೇರೆ ಮಾಡಿ ರೋಸೆ (ತಿಳಿ ಗುಲಾಬಿ ಬಣ್ಣದ ವೈನ್) ಮಾಡಿದರೆ ತೊಂದರೆ ಕಡಿಮೆ. ದರ ಕಮ್ಮಿಯಾದರೂ ಮಾತು ಕೊಯ್ಲಿಗೆ ಮುಂಚೆಯೇ ಮುಗಿಯಲಿ.

ಪಾಂಡವಪುರ: ಕಾಗದ ಯಾವುದೂ ತೋರಿಸಲಿಲ್ಲ ಮೇಡಂ.

ಕೆ.ಆರ್. ಪೇಟೆ: ಹೊಗೆ ವಾಸನೆಗೆ ಸುಲಭ ಮನೆಮದ್ದು!! ಮಜ್ಜಿಗೆ + ಅಡುಗೆ ಸೋಡಾ + ಗಂಧಕದ ಪುಡಿ ಬೆರೆಸಿ ಕೊಯ್ಲಿಗೆ ವಾರ ಮುಂಚೆ ಸಿಂಪಡಿಸಿ. ಬುಡಕ್ಕೆ ಬೆಲ್ಲದ ನೀರು ಹಾಕಿದರೆ ಹಣ್ಣು ಎರಡು ಪಟ್ಟು ಸಿಹಿ. ಎಲ್ಲ ರೈತರಿಗೂ ತಲುಪಿಸಿ 🙏🙏

ಮೇಡಂ: ಇದನ್ನು ಯಾರೂ ಮಾಡಬೇಡಿ. ಒಳಗೆ ಹೋದ ಹೊಗೆ ತೊಳೆದರೆ ಬರುವುದಿಲ್ಲ. ಗಂಧಕವನ್ನು ಬೂದಿ ರೋಗಕ್ಕೆ ಹೊಡೆಯುತ್ತೇವೆ, ನಿಜ. ಆದರೆ ಕೊಯ್ಲಿಗೆ ಒಂದು ತಿಂಗಳು ಮೊದಲೇ ನಿಲ್ಲಿಸಬೇಕು. ಹಣ್ಣಿನ ಮೇಲೆ ಉಳಿದ ಗಂಧಕವನ್ನು ಯೀಸ್ಟ್ ಕೊಳೆತ ಮೊಟ್ಟೆಯ ವಾಸನೆ ಮಾಡುತ್ತದೆ. ಬೂದಿಯ ಜೊತೆ ಕೊಳೆತ ಮೊಟ್ಟೆಯೂ ಬೇಕಾ? ಇನ್ನು ಬೆಲ್ಲದ ನೀರು. ಸಕ್ಕರೆ ತಯಾರಾಗುವುದು ಬಿಸಿಲಿಗೆ ಬಿದ್ದ ಎಲೆಯಲ್ಲಿ, ಬುಡದಲ್ಲಲ್ಲ. ಆ ಬೆಲ್ಲ ಮನೆಗೆ ಒಯ್ದು ಪಾಯಸ ಮಾಡಿ.

ಕೆ.ಆರ್. ಪೇಟೆ: ನಾನು ಬರೆದದ್ದಲ್ಲ ಮೇಡಂ, ಬಂದಿದ್ದನ್ನು ಫಾರ್ವರ್ಡ್ ಮಾಡಿದೆ ಅಷ್ಟೇ.

ಮೇಡಂ: ಗಂಧಕಕ್ಕೆ ಅದು ಗೊತ್ತಾಗುವುದಿಲ್ಲ.

ಕುವೆಂಪುನಗರ: ಮೇಡಂ, ಟೆರೇಸ್ ಮೇಲೆ ಬೆಂಗಳೂರು ನೀಲಿ ಬಳ್ಳಿ ಇದೆ. ಮನೆಯಲ್ಲೇ ವೈನ್ ಮಾಡುವ ಅಳತೆ ಹೇಳುತ್ತೀರಾ?

ಮೇಡಂ: ಇಲ್ಲ. ಪರವಾನಗಿ ಇಲ್ಲದೆ ಮಾಡುವುದು ಅಬಕಾರಿ ಕಾಯ್ದೆ ಪ್ರಕಾರ ಅಪರಾಧ. ಜ್ಯೂಸ್ ಮಾಡಿ, ಆ ಹಣ್ಣಿನ ಘಮ ಜ್ಯೂಸಿಗೇ ಚೆಂದ.

ಮಂಡ್ಯ: ನಾನು ಆಲೆಮನೆಯವನು. ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ಎಲ್ಲದಕ್ಕೂ ಆಲೆಮನೆಯೇ ಸಿಕ್ಕಿತಾ? ನಮ್ಮ ತಾತನ ಕಾಲದಿಂದ ಬೆಲ್ಲ ಕಾಯಿಸುತ್ತಿದ್ದೇವೆ. ನಿಮ್ಮ ದ್ರಾಕ್ಷಿ ನಿನ್ನೆ ಬಂದದ್ದು. ನಾಲ್ಕು ಜನ ಕುಡಿಯುವ ವೈನಿಗೆ ನಾವು ಒಲೆ ಆರಿಸಬೇಕಾ?

ನಾಗಮಂಗಲ: ಒಲೆ ಆರಿಸಿ ಅಂತ ಯಾರು ಹೇಳಿದರು ಅಣ್ಣ? ಟೈರು, ಪ್ಲಾಸ್ಟಿಕ್ ಹಾಕಿ ಉರಿಸುವುದನ್ನು ಕಣ್ಣಾರೆ ಕಂಡಿದ್ದೇನೆ.

ಮಂಡ್ಯ: ನಮ್ಮಲ್ಲಿ ಬರೀ ಕಬ್ಬಿನ ಸಿಪ್ಪೆ. ಬಂದು ನೋಡಿ. ಯಾರೋ ಒಬ್ಬರು ಮಾಡಿದ್ದಕ್ಕೆ ಎಲ್ಲರನ್ನೂ ಸೇರಿಸಬೇಡಿ.

ಮದ್ದೂರು: ಅನ್ನ ಬೆಳೆಯುವ ನೆಲದಲ್ಲಿ ಹೆಂಡದ ದ್ರಾಕ್ಷಿ ಯಾಕೆ ಬೇಕಿತ್ತು ಅನ್ನುವುದೇ ನನ್ನ ಪ್ರಶ್ನೆ.

ನಾಗಮಂಗಲ: ನಾಲೆ ನೀರು ಕಟ್ಟಲಾ ಅಂತ ಎರಡು ಸಲ ಕೇಳಿದವರು ನೀವೇ ಅಲ್ವಾ?

ಮದ್ದೂರು: ಅದು ನನ್ನ ಮಗನ ತೋಟ.

ಅಡ್ಮಿನ್: ವಿಷಯಕ್ಕೆ ಬನ್ನಿ ಎಲ್ಲರೂ.

ಮೇಡಂ: ಆಲೆಮನೆಯವರು ಕೇಳಿದ್ದು ನ್ಯಾಯ. ಬೆಲ್ಲ ನಿಲ್ಲಿಸಿ ಅಂತ ನಾನು ಹೇಳುವುದಿಲ್ಲ. ಸಿಪ್ಪೆ ಚೆನ್ನಾಗಿ ಒಣಗಿದ್ದರೆ ಹೊಗೆ ಕಡಿಮೆ, ಹಸಿ ಸಿಪ್ಪೆ ಹಾಕಿದರೆ ಹೊಗೆಯೇ ಜಾಸ್ತಿ. ಚಿಮಣಿ ಎತ್ತರಿಸಿದರೂ ಅನುಕೂಲ. ತರಗಿಗೆ ಬೆಂಕಿ ಇಡುವುದನ್ನು ಮಾತ್ರ ಬಿಡಿ, ಅದನ್ನು ಸಾಲಿನ ಮಧ್ಯೆ ಹಾಸಿದರೆ ನಿಮ್ಮ ಕೂಳೆ ಕಬ್ಬಿಗೇ ಗೊಬ್ಬರ. ಪಾಂಡವಪುರದವರು ಪಕ್ಕದ ಆಲೆಮನೆಗೆ ಹೋಗಿ ಕೂತು ಮಾತಾಡಲಿ, ಗ್ರೂಪಿನಲ್ಲಿ ಜಗಳ ಬೇಡ.

ಶ್ರೀರಂಗಪಟ್ಟಣ: ನಂದಿ ಬೆಟ್ಟದ ಕಡೆ ಬರುವ ವೈನ್ ನಮ್ಮಲ್ಲಿ ಯಾಕೆ ಬರಲ್ಲ?

ಮೇಡಂ: ಅಲ್ಲಿನ ತೋಟಗಳು 900 ಮೀಟರ್ ಆಸುಪಾಸಿನಲ್ಲಿವೆ, ನಾವು 700ರ ಆಸುಪಾಸು. ರಾತ್ರಿ ಅಲ್ಲಿ ಒಂದು ಡಿಗ್ರಿಯಾದರೂ ತಂಪು. ಬೆಚ್ಚಗಿನ ರಾತ್ರಿಯಲ್ಲಿ ಹಣ್ಣು ತನ್ನ ಹುಳಿಯನ್ನು ತಾನೇ ಉರಿಸಿಕೊಳ್ಳುತ್ತದೆ, ಬಣ್ಣವೂ ಸರಿಯಾಗಿ ಕೂರುವುದಿಲ್ಲ. ನಮ್ಮಲ್ಲಿ ಸಕ್ಕರೆ ಬೇಗ ಏರುತ್ತದೆ, ಹುಳಿ ಬೇಗ ಇಳಿಯುತ್ತದೆ. ಬ್ರಿಕ್ಸ್ 24 ಆಗಲಿ ಅಂತ ಕಾಯುತ್ತಾ ಕೂತರೆ ಸಪ್ಪೆ ವೈನ್. ಹುಳಿಯನ್ನೂ ಅಳೆಯಿಸಿ, ನಸುಕಿನಲ್ಲೇ ಕೊಯ್ಯಿರಿ. ಅಕ್ಟೋಬರ್ ಮಳೆ ಇನ್ನೊಂದು ಕಷ್ಟ. ಚಾಟ್ನಿ ಮಾಡಿದ ಮೇಲೆ, ಅಂದರೆ ಬಳ್ಳಿ ಸವರಿದ ಮೇಲೆ, ಬರುವ ಹೊಸ ಚಿಗುರಿಗೆ ಬೂಜು ತುಪ್ಪಟ ರೋಗ ಬರುತ್ತದೆ, ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯಲೇಬೇಕು. ಅಡಿಕೆ ಕೊಳೆಗೆ ಹೊಡೆಯುವ ಅದೇ ಬೋರ್ಡೋ. ಅದು ಹುಟ್ಟಿದ್ದೇ ಫ್ರಾನ್ಸಿನ ಆ ಹೆಸರಿನ ವೈನ್ ಸೀಮೆಯಲ್ಲಿ, ದ್ರಾಕ್ಷಿಗಾಗಿ.

ಹುಣಸೂರು: ಎಕರೆಗೆ ಎಷ್ಟು ಟನ್ ಬರುತ್ತೆ? ಸಬ್ಸಿಡಿ ಇದೆಯಾ?

ಟಿ. ನರಸೀಪುರ: ಮೇಡಂ, ಜಿಎ ಸ್ವಲ್ಪ ಕಮ್ಮಿ ಹೊಡೆದರೆ?

ಮೇಡಂ: ಬೇಡ ಅಂದೆ.

ಕೆ.ಆರ್. ಪೇಟೆ: ಹೀಗೆ ಮುಖಕ್ಕೆ ಹೊಡೆದ ಹಾಗೆ ಮಾತಾಡಿದರೆ ಯಾರು ಕೇಳುತ್ತಾರೆ.

ಅಡ್ಮಿನ್: ಒಂಬತ್ತಾಗುತ್ತಾ ಬಂತು. ಸಾಕು.

ಹುಣಸೂರು: ಸಬ್ಸಿಡಿ??

ಪಾಂಡವಪುರ: ಮೇಡಂ, ವೈನರಿ ಮ್ಯಾನೇಜರ್‌ಗೆ ಈಗಲೇ ಫೋನ್ ಮಾಡಿದೆ. ಬಕೆಟ್ ಪರೀಕ್ಷೆಗೆ ಒಪ್ಪಿದರು. ಹಣ್ಣು ಎಲ್ಲಿಂದ ಕೀಳಲಿ?

ಮೇಡಂ: ಆಲೆಮನೆ ಕಡೆಯ ಮೊದಲ ಐದು ಸಾಲಿಂದ ಒಂದು ಚೀಲ, ಪಡುವಲ ಕೊನೆಯ ಐದು ಸಾಲಿಂದ ಇನ್ನೊಂದು. ಬೆರೆಸಬೇಡಿ, ಚೀಲದ ಮೇಲೆ ಬರೆಯಿರಿ. ಕೀಳುವವರು ಬೀಡಿ ಸೇದುವ ಹಾಗಿಲ್ಲ.