ದಿನಕ್ಕೊಂದು ಫೋಟೋ: ಮಾಡಿದವರು ಅನುಭವ ಹೇಳ್ತೀರಾ?

ಹೊಂಗೆನೆರಳು, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ಬ್ಯಾಂಕ್ ಕೆಲಸದಿಂದ ಈಚೆಗೆ ನಿವೃತ್ತಿಯಾಯ್ತು. ದಿನಾ ಒಂದು ಹೊಸ ಫೋಟೋ ತೆಗೆದು ಸ್ವೀಡನ್ನಿನಲ್ಲಿರೋ ಮಗಳಿಗೂ, ಕಾಲೇಜು ಗೆಳತಿಯರ ಗುಂಪಿಗೂ ಕಳಿಸೋಣ ಅಂತ ಆಸೆ. ಕೈಲಿರೋದು ಫೋನ್ ಮಾತ್ರ, ಕ್ಯಾಮೆರಾ ಕೊಳ್ಳೋ ಯೋಚನೆ ಇಲ್ಲ. ಮಂಡಿನೋವು, ಹಾಗಾಗಿ ಬಸವನಗುಡಿ ದಾಟಿ ಹೋಗೋದು ಕಮ್ಮಿ. ಅಷ್ಟೇ ಜಾಗದಲ್ಲಿ ವರ್ಷವಿಡೀ ತೆಗೆಯೋಕೆ ಏನಿರುತ್ತೆ? ರಸ್ತೇಲಿ ಜನರ ಫೋಟೋ ತೆಗೆದರೆ ಬೈಸಿಕೋಬೇಕಾಗುತ್ತಾ? ಒಂದು ದಿನ ತಪ್ಪಿದರೆ ಏನು ಮಾಡ್ತೀರಿ? ತೆಗೆದದ್ದನ್ನ ಎಲ್ಲಿ ಜೋಪಾನ ಮಾಡೋದು? ಹಿಂದೆ ಮಾಡಿದವರು, ಈಗ ಮಾಡ್ತಿರೋರು ದಯವಿಟ್ಟು ಹೇಳಿ.

ಕೆಂಪುದೀಪ, ಮೈಸೂರು

ಮೇಡಂ, ನಾನು ಸ್ಟುಡಿಯೋ ಇಟ್ಟಿದ್ದವನು, ರೋಲಿಗೆ 36 ಫೋಟೋ ಅನ್ನೋ ಕಾಲದವನು. ಆಗ ಒಂದೊಂದು ಕ್ಲಿಕ್ಕಿಗೂ ದುಡ್ಡು, ತೊಳೆಯೋಕೂ ದುಡ್ಡು. ಫೋನಿನಲ್ಲಿ ಆ ಭಯ ಇಲ್ಲದಿರೋದೇ ತೊಂದರೆ. ಒಂದು ದಾಸವಾಳಕ್ಕೆ ನಲವತ್ತು ಸಲ ಒತ್ತಿ, ರಾತ್ರಿ ಕೂತು ಯಾವುದು ಚೆಂದ ಅಂತ ನೋಡ್ತಾ ನೋಡ್ತಾ ಬೇಜಾರು ಹತ್ತುತ್ತೆ. ನನ್ನ ಹತ್ತಿರ ಕಲಿಯೋಕೆ ಬಂದ ಹುಡುಗರು ಈ ಅಭ್ಯಾಸ ಬಿಟ್ಟಿದ್ದೆಲ್ಲ ಆರಿಸೋ ಸುಸ್ತಿಗೇ. ತೆಗೆಯೋಕೆ ಏನೂ ಸಿಗದೆ ಬಿಟ್ಟವರನ್ನ ನಾನು ಕಂಡಿಲ್ಲ. ಆದ್ದರಿಂದ ಮೊದಲ ದಿನದಿಂದಲೇ ಒಂದು ಕಟ್ಟು ಹಾಕಿಕೊಳ್ಳಿ: ಒಂದು ವಸ್ತುವಿಗೆ ಮೂರು ಕ್ಲಿಕ್, ಅಲ್ಲೇ ನಿಂತು ಎರಡನ್ನ ಅಳಿಸಿ, ಉಳಿದದ್ದೇ ಆ ದಿನದ್ದು.

ನ್ಯೂಯಾರ್ಕಿನಲ್ಲಿ ಜೇಮೀ ಲಿವಿಂಗ್‌ಸ್ಟನ್ ಅಂತ ಒಬ್ಬರಿದ್ದರು. 1979ರ ಮಾರ್ಚ್ 31ರಿಂದ ದಿನಾ ಒಂದೇ ಒಂದು ಪೋಲರಾಯ್ಡ್ ತೆಗೆದರು. ಪೋಲರಾಯ್ಡ್ ಫಿಲ್ಮ್ ದುಬಾರಿ, ಒತ್ತಿದ ತಕ್ಷಣ ಚಿತ್ರ ಹೊರಗೆ ಬರುತ್ತೆ, ನೆಗೆಟಿವ್ ಕೈಗೆ ಸಿಗಲ್ಲ, ತಿದ್ದೋ ಹಾಗೂ ಇಲ್ಲ. ಗೆಳೆಯರು, ಊಟದ ಟೇಬಲ್ಲು, ಬೇಸ್‌ಬಾಲ್ ಆಟ, ಯಾವುದೋ ಕೋಣೆಯ ಮೂಲೆ, ಹೀಗೆ ಏನು ಬಂತೋ ಅದು. ಅದರಲ್ಲಿ ಎಷ್ಟೋ ಫೋಟೋ ಸಾಧಾರಣವಾಗಿವೆ, ಕೆಲವು ಮಸುಕಾಗಿವೆ, ಆದರೂ ಬಿಸಾಡಲಿಲ್ಲ. 1997ರ ಅಕ್ಟೋಬರ್ 25ರಂದು, ಅವರ ಹುಟ್ಟುಹಬ್ಬದ ದಿನವೇ, ಕ್ಯಾನ್ಸರಿನಿಂದ ತೀರಿಕೊಳ್ಳೋವರೆಗೂ ನಡೆಯಿತು. ಕೊನೆಯ ತಿಂಗಳಿನ ಚಿತ್ರಗಳಲ್ಲಿ ಆಸ್ಪತ್ರೆಯೂ ಇದೆ, ಅವರ ಮದುವೆಯೂ ಇದೆ. ಆರು ಸಾವಿರಕ್ಕೂ ಹೆಚ್ಚು ಫೋಟೋಗಳನ್ನ ಆಮೇಲೆ ಗೆಳೆಯರು ಜೋಡಿಸಿ ಪ್ರದರ್ಶನಕ್ಕಿಟ್ಟರು. ಒಂದೊಂದೇ ಬಿಡಿಯಾಗಿ ನೋಡಿದರೆ ಏನೂ ಅನ್ನಿಸದ ಚಿತ್ರಗಳು ಸಾಲಾಗಿ ನೋಡಿದಾಗ ಬೇರೆಯೇ ಆಗ್ತವೆ. ನೀವು ಮೊದಲ ತಿಂಗಳಲ್ಲೇ "ನನ್ನ ಫೋಟೋ ಚೆನ್ನಾಗಿಲ್ಲ" ಅಂತ ಕೈಬಿಡಬಾರದು ಅನ್ನೋದಕ್ಕೆ ಇದನ್ನ ಹೇಳಿದೆ.

ಇನ್ನು ಕೈಕೆಲಸ. ಲೆನ್ಸನ್ನ ಮೆತ್ತನೆ ಹತ್ತಿ ಬಟ್ಟೆಯಿಂದ ಒರೆಸಿ. ಅರ್ಧಕ್ಕರ್ಧ ಮಸುಕು ಬೆರಳಿನ ಎಣ್ಣೆಯಿಂದ. ಜೂಮ್ ಎಳೀಬೇಡಿ, ಮಂಡಿ ಬಿಟ್ಟಷ್ಟು ಹತ್ತಿರ ಹೋಗಿ. ತೆರೆಯ ಮೇಲೆ ಬೇಕಾದ ಜಾಗ ಒತ್ತಿದರೆ ಪಕ್ಕದಲ್ಲಿ ಸೂರ್ಯನ ಗುರುತು ಬರುತ್ತಲ್ಲ, ಅದನ್ನ ಚೂರು ಕೆಳಗೆ ಇಳಿಸಿ. ಬಿಳೀ ಸೀರೆ, ಬೆಳಗಿನ ಆಕಾಶ ಎಲ್ಲ ಸುಣ್ಣ ಬಳಿದ ಹಾಗೆ ಆಗೋದು ತಪ್ಪುತ್ತೆ. ಬೆಳಿಗ್ಗೆ ಎಂಟರೊಳಗೆ, ಸಂಜೆ ಐದರ ಮೇಲೆ. ನಡುಮಧ್ಯಾಹ್ನ ಮನೆಯೊಳಗೆ ಕಿಟಕಿ ಪಕ್ಕ.

ವಸ್ತು ಇಲ್ಲ ಅನ್ನೋದನ್ನ ನಾನು ಒಪ್ಪಲ್ಲ. ನಮ್ಮೂರಿನ ಟಿ.ಎಸ್. ಸತ್ಯನ್ ಅವರ ಚಿತ್ರಗಳನ್ನ ನೋಡಿ. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರ ಫೋಟೋಗಳು ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಪ್ರದರ್ಶನಕ್ಕೆ ಹೋದವು. ಅವರಿಗೆ ಬೇಕಾಗಿದ್ದದ್ದು ಸಾಮಾನ್ಯ ಜನರ ದಿನನಿತ್ಯ, ಅಷ್ಟೇ.

ಬಸಿಗಾಲುವೆ, ಸಾಗರ

ನಂದು ಅಡಿಕೆ ತೋಟ. ನಾನು ಕಲೆಗೆ ಅಂತ ಶುರು ಮಾಡಿದ್ದಲ್ಲ, ತೋಟದ ಲೆಕ್ಕಕ್ಕೆ. ಕಾಲುಸಂಕದ ಹತ್ತಿರ ಒಂದು ಕಲ್ಲು ಇದೆ, ದಿನಾ ಅದರ ಮೇಲೆ ನಿಂತು ಅದೇ ಸಾಲಿನ ಮರ ತೆಗೀತೇನೆ. ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಯಾವತ್ತು ಹೊಡೆಸಿದ್ದು, ಎರಡನೇ ಸಲ ಎಷ್ಟು ತಡವಾಯ್ತು, ಮಳೆಗೆ ನೆನೆಯದ ಹಾಗೆ ಕೊಟ್ಟೆ (ಪ್ಲಾಸ್ಟಿಕ್ ಹೊದಿಕೆ) ಕಟ್ಟಿದ ಗೊನೆಯಲ್ಲಿ ಎಷ್ಟು ಉದುರಿತು, ಎಲೆಚುಕ್ಕಿ ರೋಗ ಮೊದಲು ಯಾವ ಮರದಲ್ಲಿ ಕಂಡಿತು, ಎಲ್ಲ ತಾರೀಕಿನ ಸಮೇತ ಇದೆ. ಬಾಯಲ್ಲಿ "ಜುಲೈ ಹೊತ್ತಿಗೆ ಬಂತು ಸಾರ್" ಅನ್ನೋದಕ್ಕಿಂತ ತೋಟಗಾರಿಕೆ ಇಲಾಖೆಯವರ ಎದುರು ಫೋಟೋ ತೆರೆದಿಟ್ಟರೆ ಮಾತು ಬೇಗ ಮುಗೀತದೆ. ಗುಂಪಿಗೆ ಹಾಕಿದರೆ ಪಕ್ಕದೂರಿನವರೂ ತಮ್ಮ ತೋಟದ್ದು ಹಾಕ್ತಾರೆ, ರೋಗ ಎತ್ತಲಿಂದ ಎತ್ತ ಹೋಗ್ತಿದೆ ಅಂತ ತಿಳೀತದೆ.

ಮಳೆಗಾಲದ ಒಂದೆರಡು ಮಾತು. ಮೋಡದ ಬೆಳಕು ಮೆದು, ಹಸಿರಿಗೆ ಒಳ್ಳೇದು, ಆದರೆ ತೋಟದೊಳಗೆ ಕತ್ತಲೆ ಜಾಸ್ತಿ, ಕೈ ಅಲ್ಲಾಡಿದರೆ ಮಸುಕು. ಮೊಣಕೈಯನ್ನ ಮರಕ್ಕೋ ಗೋಡೆಗೋ ಒತ್ತಿ ಹಿಡಿಯಿರಿ. ಯಾರಾದರೂ ದೊಡ್ಡ ಕ್ಯಾಮೆರಾ ಇಟ್ಟುಕೊಂಡಿದ್ದರೆ ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರೋ ಸಿಲಿಕಾ ಜೆಲ್ ಹಾಕಿಡಿ. ಬ್ಯಾಗಿನಲ್ಲೇ ಬಿಟ್ಟರೆ ನಮ್ಮ ಕಡೆ ಆಗಸ್ಟಿನೊಳಗೆ ಲೆನ್ಸಿಗೆ ಬೂಷ್ಟು ಗ್ಯಾರಂಟಿ.

ಸಂತಿಪ್ಯಾಟಿ, ಧಾರವಾಡ

ಅಕ್ಕಾರ, ಮಂದಿ ಬೈತಾರಂತ ಅಂಜಬ್ಯಾಡ್ರಿ. ನಾ ಸೂಪರ್ ಮಾರ್ಕೆಟ್‌ನ್ಯಾಗ ಭಾಳ ಫೋಟೋ ತಗದೀನಿ. ಮದಲ ಏನರ ತಗೋರಿ, ಒಂದ ಸೂಡು ಮೆಂತೆನೋ ನಾಕ ಲಿಂಬಿಹಣ್ಣೋ. ಎರಡ ಮಾತ ಆಡ್ರಿ. ಆಮ್ಯಾಲೆ "ಯವ್ವಾ, ಒಂದ ಫೋಟೋ ತಗೀಲೇನ?" ಅಂತ ಕೇಳ್ರಿ. ಬ್ಯಾಡ ಅಂದ್ರ ನಕ್ಕ ಮುಂದ ಹೋಗ್ರಿ. ದೂರ ನಿಂತ ಕದ್ದ ತಗಿಯೂದು ಮಾತ್ರ ನನಗ ಸೇರೂದಿಲ್ಲ, ಅದಕ್ಕ ಬೈದ್ರ ಬೈಲಿ ಅಂತೀನಿ. ಮಾರಿ ಬರೂದು ಬ್ಯಾಡಂದವರು ಕೈ ತಗೀರಿ ಅಂತಾರ. ಕೈ ಭಾಳ ಚಂದ ಬರ್ತಾವ್ರಿ, ಹೂ ಕಟ್ಟೂ ಕೈ, ತಕ್ಕಡಿ ಹಿಡದ ಕೈ.

ಸಣ್ಣ ಹುಡುಗೂರ ಫೋಟೋ ಅವ್ವ ಅಪ್ಪನ್ನ ಕೇಳದ ತಗೀಬ್ಯಾಡ್ರಿ, ತಗದ್ರೂ ಊರ ಮಂದೀಗೆ ಕಳಸಬ್ಯಾಡ್ರಿ.

ಮತ್ತ ಒಂದ ಪ್ರಿಂಟ್ ಹಾಕ್ಸಿ ಮುಂದಿನ ವಾರ ಅವರ ಕೈಯಾಗ ಕೊಡ್ರಿ. ನಮ್ಮ ಕಡೆ ಕಾಯಿಪಲ್ಲೆ ಮಾರೂ ಅವ್ವ ಒಬ್ಬಾಕಿ ನಾ ಕೊಟ್ಟ ಪ್ರಿಂಟ್ ಮನ್ಯಾಗ ದೇವರ ಜಗಲಿ ಬಾಜೂಕ ಇಟ್ಟಾಳ. ಈಗ ಸಂತಿಗೆ ಹೋದ್ರ "ಇವತ್ತ ಯಾರದ ತಗೀತಿ?" ಅಂತ ಆಕೀನ ಕೇಳ್ತಾಳ, ಮಂದಿ ತೋರಿಸಿ ಕೊಡ್ತಾಳ.

ಏಳನೇ ಬೆಂಚು, ಬೆಂಗಳೂರು

ನಾನು ವಿಜ್ಞಾನದ ಮೇಷ್ಟ್ರು. ಬಸವನಗುಡಿಯಲ್ಲಿದ್ದುಕೊಂಡು ವಸ್ತು ಏನು ಅಂತ ಕೇಳ್ತೀರಲ್ಲ ಮೇಡಂ! ಮರಗಳಿಂದ ಶುರು ಮಾಡಿ. 1908ರಿಂದ 1932ರವರೆಗೆ ಲಾಲ್‌ಬಾಗ್ ನೋಡಿಕೊಂಡಿದ್ದ ಜರ್ಮನಿಯ ಕ್ರುಂಬಿಗಲ್, ಒಂದು ಜಾತಿಯ ಹೂ ಮುಗಿಯುವಾಗ ಇನ್ನೊಂದು ಅರಳಬೇಕು ಅನ್ನೋ ಲೆಕ್ಕದಲ್ಲಿ ಊರಿನ ರಸ್ತೆಮರಗಳನ್ನ ಆರಿಸಿದವರು. ಆ ಪಟ್ಟಿಯೇ ನಿಮ್ಮ ಕ್ಯಾಲೆಂಡರ್. ವರ್ಷದ ಶುರುವಿಗೆ ಗುಲಾಬಿ ಟಬೆಬುಯಾ, ಆಮೇಲೆ ಜಕರಾಂಡದ ನೇರಳೆ, ಯುಗಾದಿ ಹೊತ್ತಿಗೆ ಹೊಂಗೆಯ ಎಳೆಚಿಗುರು, ಬೇಸಿಗೆಗೆ ಗುಲ್‌ಮೊಹರ್, ಮಳೆ ಮುಗಿದ ಮೇಲೆ ಆಕಾಶಮಲ್ಲಿಗೆ. ಒಂದು ಮರವನ್ನ ನಿಮ್ಮದು ಅಂತ ಇಟ್ಟುಕೊಂಡು ವಾರಕ್ಕೊಮ್ಮೆ ಅದನ್ನೇ ತೆಗೆಯಿರಿ. ಸೀಸನ್‌ವಾಚ್ ಅಂತ ಒಂದು ಯೋಜನೆ ಇದೆ, ದೇಶದುದ್ದಕ್ಕೂ ಶಾಲಾಮಕ್ಕಳೂ ಸಾಮಾನ್ಯರೂ ತಮ್ಮ ಮರದ ಚಿಗುರು, ಹೂ, ಕಾಯಿಗಳ ಬಗ್ಗೆ ಪ್ರತಿ ವಾರ ಬರೆದು ಕಳಿಸ್ತಾರೆ. ನಿಮ್ಮ ಫೋಟೋ ಪಕ್ಕ ಅದನ್ನೂ ಮಾಡಬಹುದು.

ಮಹಡಿ ಹತ್ತೋಕಾದರೆ ಇನ್ನೊಂದು. ಬೆಂಗಳೂರಿನಲ್ಲಿ ಜೂನ್ ಮೊದಲಿಗೆ ಸೂರ್ಯೋದಯ 5:55ರ ಆಸುಪಾಸು, ಜನವರಿ ಕೊನೆಗೆ 6:45 ಆಗಿರುತ್ತೆ. ಹೊತ್ತು ಮಾತ್ರ ಬದಲಾಗಲ್ಲ, ಜಾಗವೂ ಸರಿಯುತ್ತೆ: ಜೂನಿನಲ್ಲಿ ಪೂರ್ವದಿಂದ ಸುಮಾರು 24 ಡಿಗ್ರಿ ಉತ್ತರಕ್ಕೆ, ಡಿಸೆಂಬರಿನಲ್ಲಿ ಅಷ್ಟೇ ದಕ್ಷಿಣಕ್ಕೆ. ಒಂದೇ ಕಡೆ ನಿಂತು ವಾರಕ್ಕೊಂದು ಸೂರ್ಯೋದಯ ತೆಗೆದರೆ ಸೂರ್ಯ ಒಬ್ಬರ ನೀರಿನ ಟ್ಯಾಂಕಿನಿಂದ ಇನ್ನೊಬ್ಬರ ಟ್ಯಾಂಕಿಗೆ ನಡೆದುಹೋಗೋದು ಕಾಣುತ್ತೆ. ಮಕ್ಕಳಿಗೆ ಅಯನ ಅಂದರೇನು ಅಂತ ಕಪ್ಪುಹಲಗೆ ಮೇಲೆ ಹೇಳಿದ್ದಕ್ಕಿಂತ ಈ ಫೋಟೋಗಳಿಂದ ಬೇಗ ಅರ್ಥವಾಯ್ತು. ಏಪ್ರಿಲ್ 24-25 ಮತ್ತು ಆಗಸ್ಟ್ 18ರ ಸುತ್ತಮುತ್ತ ಮಧ್ಯಾಹ್ನ ಹನ್ನೆರಡೂಕಾಲು ದಾಟಿದ ಮೇಲೆ ಒಂದು ಸ್ಟೀಲ್ ಲೋಟ ನೆಟ್ಟಗೆ ಬಿಸಿಲಲ್ಲಿಡಿ, ಸ್ವಲ್ಪ ಹೊತ್ತು ಅದರ ನೆರಳು ಪಕ್ಕಕ್ಕೆ ಬೀಳೋದೇ ಇಲ್ಲ. ಆ ದಿನದ ಫೋಟೋ ಆಯ್ತು.

ಕಾರ್ತಿಕದ ಕೊನೇ ಸೋಮವಾರ ಕಡಲೆಕಾಯಿ ಪರಿಷೆ ನಿಮ್ಮ ಬಾಗಿಲಿಗೇ ಬರುತ್ತೆ. ಜನ ತುಂಬೋ ಮುಂಚೆ, ಹಿಂದಿನ ದಿನ ರಾಶಿ ಸುರಿಯೋವಾಗ ಹೋಗಿ. ಸಂಕ್ರಾಂತಿ ಸಂಜೆ ಗವಿಗಂಗಾಧರೇಶ್ವರದಲ್ಲಿ ಬಿಸಿಲು ನಂದಿಯ ಕೊಂಬುಗಳ ನಡುವಿನಿಂದ ಲಿಂಗದ ಮೇಲೆ ಬೀಳುತ್ತಲ್ಲ, ಅದನ್ನ ಫೋನಿನಲ್ಲಿ ಹಿಡಿಯೋಕೆ ಹೋಗಿ ನೂಕುನುಗ್ಗಲಲ್ಲಿ ಸಿಕ್ಕಿಕೋಬೇಡಿ, ಹೊರಗೆ ಕತ್ತೆತ್ತಿ ಕಾಯ್ತಿರೋ ಜನರೇ ಸಾಕು.

ಹೊಂಗೆನೆರಳು, ಬೆಂಗಳೂರು

ಸಾರ್, ಲೋಟದ ವಿಷಯ ಗೊತ್ತೇ ಇರಲಿಲ್ಲ! ತಪ್ಪಿದ ದಿನದ ಬಗ್ಗೆ ಮಾತ್ರ ಯಾರೂ ಹೇಳಲಿಲ್ಲ.

ಮೂರು ಪ್ರತಿ, ಹುಬ್ಬಳ್ಳಿ (ಈಗ ಪುಣೆ)

ರಾತ್ರಿ ಮಲಗೋ ಮುಂಚೆ ನೆನಪಾದರೆ ದಿಂಬಿನ ಪಕ್ಕ ಇರೋದನ್ನಾದರೂ ತೆಗೀರಿ, ಕನ್ನಡಕವೋ ಮಾತ್ರೆ ಡಬ್ಬಿಯೋ. ಸರಪಳಿ ಮುರಿದರೆ ಮತ್ತೆ ಹತ್ತೋದು ಕಷ್ಟ ಅನ್ನೋದು ನನ್ನ ಅನುಭವ.

ಜೋಪಾನದ ವಿಷಯ. ಫೋನ್ ಫೋಟೋ ಒಂದು ಸಾಮಾನ್ಯವಾಗಿ 3-4 ಎಂಬಿ. ದಿನಕ್ಕೊಂದರಂತೆ ವರ್ಷಕ್ಕೆ ಒಂದೂವರೆ ಜಿಬಿ ಒಳಗೇ. ಆ ಒಂದನ್ನ ಮಾತ್ರ ಬೇರೆ ಫೋಲ್ಡರಿಗೆ ಹಾಕಿ, ಹೆಸರನ್ನ ವರ್ಷ-ತಿಂಗಳು-ದಿನ ಅಂತ ಇಡಿ, 2025-03-14 ಹೀಗೆ. ದಿನವನ್ನ ಮೊದಲು ಬರೆದರೆ ಕಂಪ್ಯೂಟರ್ ಎಲ್ಲ ತಿಂಗಳ ಒಂದನೇ ತಾರೀಕನ್ನೂ ಒಟ್ಟಿಗೆ ಗುಡ್ಡೆ ಹಾಕುತ್ತೆ. ಗೂಗಲ್ ಫೋಟೋಸ್‌ನಲ್ಲಿ ಪುಕ್ಕಟೆ ಜಾಗ 15 ಜಿಬಿ, ಅದರಲ್ಲಿ ಜಿಮೇಲ್ ಕೂಡ ಸೇರಿದೆ. ಹಾಗಾಗಿ ಫೋನಿನಲ್ಲಿ ಒಂದು, ಅಲ್ಲಿ ಒಂದು, ಮನೆಯ ಪೆನ್‌ಡ್ರೈವ್ ಅಥವಾ ಹಾರ್ಡ್‌ಡಿಸ್ಕ್‌ನಲ್ಲಿ ಒಂದು.

ವಾಟ್ಸಾಪ್ ಸ್ಟೇಟಸ್ 24 ಗಂಟೆಗೆ ಮಾಯ, ಅದನ್ನೇ ಸಂಗ್ರಹ ಅಂದುಕೊಳ್ಳಬೇಡಿ. ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೋ ಕುಗ್ಗಿರುತ್ತೆ. ಮಗಳು ಪ್ರಿಂಟ್ ಹಾಕಿಸ್ತಾಳೆ ಅಂದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಹಾಗೆ ಕಳಿಸಿದರೆ ಎಲ್ಲಿ ತೆಗೆದದ್ದು ಅನ್ನೋ ಜಾಗದ ಗುರುತೂ ಜೊತೆಗೇ ಹೋಗುತ್ತೆ. ಮನೆಯವರಿಗಾದರೆ ಪರವಾಗಿಲ್ಲ, ಅಪರಿಚಿತರಿರೋ ಗುಂಪಿಗೆ ಬೇಡ. ಊರಿಗೆ ಹೋದಾಗಿನ ಫೋಟೋವನ್ನ ವಾಪಸ್ ಬಂದ ಮೇಲೆ ಹಾಕೋದು ಒಳ್ಳೇದು, ಮನೆಗೆ ಬೀಗ ಬಿದ್ದಿದೆ ಅಂತ ನಾವೇ ಸಾರಿದ ಹಾಗಾಗಲ್ಲ.

ಕೆಂಪುದೀಪ, ಮೈಸೂರು

ದಿಂಬಿನ ಪಕ್ಕದ ಮಾತ್ರೆ ಡಬ್ಬಿ ನನಗೆ ಒಪ್ಪಿಗೆ ಇಲ್ಲ. ಜ್ವರ ಬಂದ ದಿನ, ಸಾವಿನ ಮನೆಗೆ ಹೋದ ದಿನ ಖಾಲಿ ಬಿಡಿ. ಖಾಲಿ ತಾರೀಕೂ ಒಂದು ಸುದ್ದಿಯೇ. ನಿನ್ನೆಯದನ್ನ ಇವತ್ತಿಂದು ಅಂತ ಮಾತ್ರ ಹಾಕಬೇಡಿ.

ಬಾವಿಕಟ್ಟೆ, ಗೋಥೆನ್‌ಬರ್ಗ್

ಮೇಡಂ, ನಾನು ಫೋಟೋ ತೆಗೆಯುವವಳಲ್ಲ, ಪಡೆಯುವವಳು. ನಮ್ಮ ಮನೆ ಕುಂದಾಪುರದ ಹತ್ತಿರ, ನಾನೀಗ ನಿಮ್ಮ ಮಗಳ ಹಾಗೆ ಸ್ವೀಡನ್ನಿನಲ್ಲಿ. ಅಪ್ಪಯ್ಯ ದಿನಾ ಒಂದು ಕಳಿಸ್ತಾರೆ. ಆ ಕಡೆಯಿಂದ ನೋಡಿದರೆ ಹೇಗಿರುತ್ತೆ ಅಂತ ಹೇಳೋಣ ಅನ್ನಿಸಿತು.

ಮೊದಮೊದಲು ಅವರು ಸೂರ್ಯೋದಯ, ಗುಲಾಬಿ ಕಳಿಸ್ತಿದ್ದರು, ಮೇಲೆ ಶುಭೋದಯ ಅಂತ ಅಕ್ಷರ. ನೋಡಿ ಒಂದು ಹೃದಯ ಒತ್ತಿ ಮುಂದೆ ಹೋಗ್ತಿದ್ದೆ. ಒಂದು ದಿನ ಬೇರೇನೂ ಸಿಗಲಿಲ್ಲ ಅಂತ ನಮ್ಮ ಬಾವಿಯೊಳಗಿನ ನೀರು ಕಳಿಸಿದರು. ಅದನ್ನ ನೋಡಿ ತಕ್ಷಣ ಫೋನ್ ಮಾಡಿದೆ: ಈಗಲೇ ಇಷ್ಟು ಕೆಳಗೆ ಹೋಗಿದೆಯಾ, ಪಂಪು ಎಷ್ಟು ಹೊತ್ತು ಹಾಕ್ತೀರಿ, ಪಕ್ಕದ ಮನೆಯವರ ಬಾವಿ ಹೇಗಿದೆ? ಆಮೇಲಿಂದ ಬರೋದೆಲ್ಲ ಅಂಥವೇ. ಅಡುಗೆಕಟ್ಟೆ ಮೇಲಿನ ಬಂಗುಡೆ, ಹೊಸ ಬಣ್ಣ ಹೊಡೆದ ಪಾಗಾರ, ಅಮ್ಮ ತೊಟ್ಟಿರೋ ನನ್ನ ಹಳೇ ಸ್ವೆಟರ್, ಹೆಂಚಿನ ಮೇಲೆ ಬಿದ್ದ ತೆಂಗಿನ ಗರಿ. ಇಲ್ಲಿ ಡಿಸೆಂಬರಿನಲ್ಲಿ ಮೂರೂವರೆಗೆಲ್ಲ ಸೂರ್ಯ ಮುಳುಗಿಯಾಗಿರುತ್ತೆ. ಆಫೀಸಿನಲ್ಲಿ ಕೂತು ನಮ್ಮ ಅಂಗಳದ ಬಿಸಿಲು ನೋಡೋದು ನನಗೆ ಬೇಕು, ಆದರೆ ಆ ಬಿಸಿಲಲ್ಲಿ ಏನು ಒಣಗಿಸಿದ್ದಾರೆ ಅನ್ನೋದು ಇನ್ನೂ ಬೇಕು.

ಎರಡು ಸಾಲು ಬರೆದು ಕಳಿಸಿ. "ಇವಳು ನಮ್ಮ ಹೂವಿನವಳ ಸೊಸೆ, ಹೋದ ವಾರದಿಂದ ಇವಳೇ ಬರ್ತಿದ್ದಾಳೆ" ಅಂತಿದ್ದರೆ ಮಾತಾಡೋಕೆ ಏನಾದರೂ ಸಿಗುತ್ತೆ. ಮತ್ತೆ, ನಾವು ಉತ್ತರ ಕೊಡದ ದಿನ ಬೇಜಾರು ಮಾಡ್ಕೋಬೇಡಿ. ಕೆಲವು ಸಲ ವಾರದ ಏಳನ್ನೂ ಭಾನುವಾರ ಒಟ್ಟಿಗೆ ನೋಡ್ತೇನೆ.

ಹೊಂಗೆನೆರಳು, ಬೆಂಗಳೂರು

ಇದು ಓದಿ ಮಗಳಿಗೆ ಇವತ್ತೇ ನಮ್ಮ ಒಡೆದ ಗ್ರೈಂಡರ್ ಮುಚ್ಚಳ ಕಳಿಸಿದೆ. "ಇನ್ನೂ ಅದನ್ನೇ ಇಟ್ಟುಕೊಂಡಿದ್ದೀಯಾ!" ಅಂತ ಬೈದಳು. ಒಂದೇ ಪ್ರಶ್ನೆ ಉಳಿದಿದೆ: ಯಾವ ಹೊತ್ತಿಗೆ ಕಳಿಸಿದರೆ ಅವಳ ಕೆಲಸಕ್ಕೆ ಅಡ್ಡಿಯಾಗಲ್ಲ?

ಬಾವಿಕಟ್ಟೆ, ಗೋಥೆನ್‌ಬರ್ಗ್

ಚಳಿಗಾಲದಲ್ಲಿ ನಿಮಗೂ ನಮಗೂ ನಾಲ್ಕೂವರೆ ಗಂಟೆ ವ್ಯತ್ಯಾಸ, ಮಾರ್ಚ್ ಕೊನೆಗೆ ಇಲ್ಲಿ ಗಡಿಯಾರ ಮುಂದಿಟ್ಟ ಮೇಲೆ ಮೂರೂವರೆ. ನೀವು ರಾತ್ರಿ ಊಟ ಮುಗಿಸಿ ಎಂಟೂವರೆಗೆ ಕಳಿಸಿದರೆ ಇಲ್ಲಿ ಸಂಜೆ ನಾಲ್ಕೋ ಐದೋ ಆಗಿರುತ್ತೆ. ಟ್ರಾಮ್ ಹತ್ತೋ ಹೊತ್ತಿಗೆ ನೋಡ್ತಾಳೆ.